ಎಂಜಿಬಿಯ ಗುಂಯ್ ಸದ್ದು: ಮೊದಲು ಮೂರನೇ ಗೇರ್‌ನಲ್ಲಿ ಓಡಿಸಿ ನೋಡಿ

ನಿಮ್ಮ ಎಂಜಿಬಿ, ಅಂದರೆ ಬ್ರಿಟನ್ನಿನ ಆ ಹಳೆಯ ಸ್ಪೋರ್ಟ್ಸ್ ಕಾರು, 90 ಕಿ.ಮೀ. ವೇಗ ಮುಟ್ಟುತ್ತಿದ್ದ ಹಾಗೆ ಸೀಟಿನ ಕೆಳಗಿಂದ ಗುಂಯ್ ಅನ್ನೋ ಸದ್ದು, ಜೊತೆಗೆ ನಡುಕ. ವೀಲ್ ಬ್ಯಾಲೆನ್ಸಿಂಗ್ ಆಯ್ತು, ಎಂಜಿನ್ ಮೌಂಟಿಂಗ್ (ಎಂಜಿನ್ ಕೂರುವ ರಬ್ಬರ್ ಆಸರೆ) ಹೊಸದು ಹಾಕಿಸಿದ್ದೂ ಆಯ್ತು, ಆದರೂ ಹೋಗಿಲ್ಲ ಅಂತ ಬರೆದಿದ್ದೀರಿ. ಇನ್ನೊಂದು ಪಾರ್ಟ್ ಕೊಳ್ಳುವ ಮೊದಲು ಸ್ವಲ್ಪ ತಡೆಯಿರಿ. ಇಂಥ ಸದ್ದನ್ನು ಬರೀ ಕಿವಿ ನಂಬಿ ಹುಡುಕಬಾರದು. ನಡುಗುವುದು ಒಂದು, ಸದ್ದು ಮಾಡುವುದು ಇನ್ನೊಂದು ಆಗಿರುತ್ತದೆ. ಅದು ಎಂಜಿನ್ ಜೊತೆ ಏರಿಳಿಯುತ್ತದೆಯೋ, ಗಾಡಿಯ ವೇಗದ ಜೊತೆಯೋ, ಅದನ್ನು ಮೊದಲು ತಿಳಿದುಕೊಳ್ಳಿ.

ಎಂಜಿಬಿಯಲ್ಲಿ ಒಂದು ತೊಡಕಿದೆ. ನಾಲ್ಕನೇ ಗೇರ್ ಡೈರೆಕ್ಟ್, ಅಂದರೆ ಎಂಜಿನ್ ಎಷ್ಟು ಸುತ್ತುತ್ತದೋ ಪ್ರೊಪೆಲ್ಲರ್ ಶಾಫ್ಟೂ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆಯ ದಂಡ) ಅಷ್ಟೇ ಸುತ್ತುತ್ತದೆ. 90ರಲ್ಲಿ ಎರಡೂ ನಿಮಿಷಕ್ಕೆ ಸುಮಾರು 3,100 ಸುತ್ತು. ಹಾಗಾಗಿ ನಾಲ್ಕರಲ್ಲಿ ಎಷ್ಟು ಓಡಿಸಿದರೂ ತಪ್ಪು ಯಾವುದರದ್ದು ಅಂತ ಗೊತ್ತಾಗೋದಿಲ್ಲ. ಖಾಲಿ ರಸ್ತೆಯಲ್ಲಿ ಅದೇ 90ನ್ನು ಮೂರನೇ ಗೇರ್‌ನಲ್ಲಿ ಹಿಡಿಯಿರಿ. ಈಗ ಎಂಜಿನ್ 4,200 ದಾಟಿರುತ್ತದೆ, ಶಾಫ್ಟ್ ಮಾತ್ರ ಅಲ್ಲೇ ಇರುತ್ತದೆ. ಸದ್ದು ಹಾಗೇ ಉಳಿದರೆ ಗೇರ್‌ಬಾಕ್ಸಿನಿಂದ ಹಿಂದೆ ಹುಡುಕಿ. ಮೂರರಲ್ಲಿ 65ರ ಹತ್ತಿರವೇ, ಅಂದರೆ ಎಂಜಿನ್ 3,100ಕ್ಕೆ ಬಂದಾಗ ಶುರುವಾದರೆ ಎಂಜಿನ್ ಕಡೆ ನೋಡಿ. ಓವರ್‌ಡ್ರೈವ್ (ಅದೇ ವೇಗದಲ್ಲಿ ಎಂಜಿನ್ ಸುತ್ತು ಇಳಿಸುವ ಹೆಚ್ಚುವರಿ ಗೇರ್) ಇದ್ದರೆ ಇನ್ನೂ ಸುಲಭ. ಸ್ವಿಚ್ ಹಾಕಿದ ಕೂಡಲೇ ಎಂಜಿನ್ ವೇಗ ಸುಮಾರು ಐದನೇ ಒಂದು ಪಾಲು ಇಳಿಯುತ್ತದೆ, ಸದ್ದೂ ಇಳಿಯಿತಾ ನೋಡಿ.

ಆಮೇಲೆ ನಿಂತಲ್ಲೇ ನ್ಯೂಟ್ರಲ್‌ನಲ್ಲಿ 3,100ಕ್ಕೆ ಏರಿಸಿ. ಅಲ್ಲೂ ಬಂದರೆ ನನ್ನ ಮೊದಲ ಅನುಮಾನ ಸೈಲೆನ್ಸರ್ ಪೈಪಿನ ಮೇಲೆ. ನೀವು ಮೌಂಟಿಂಗ್ ಬದಲಿಸಿದ್ದೀರಿ, ಅಂದ ಮೇಲೆ ಎಂಜಿನ್ ಕೂತ ಜಾಗ ಸ್ವಲ್ಪ ಬದಲಾಗಿರುತ್ತದೆ, ಪೈಪ್ ಹಳೆಯ ಜಾಗದಲ್ಲೇ ಬಿಗಿದಿರುತ್ತದೆ. ಪೈಪ್ ಬಿಸಿಯಾದಾಗ ಉದ್ದವಾಗುತ್ತದೆ. ತಣ್ಣಗಿದ್ದಾಗ ಬೆರಳು ತೂರುವಷ್ಟು ಸಂದಿ ಇದ್ದರೂ ಓಡುವಾಗ ಗಾಡಿಯ ತಳಕ್ಕೆ ತಾಗಬಹುದು. ಉಜ್ಜಿ ಹೊಳೆಯುವ ಗುರುತು ಎಲ್ಲಿದೆ ಅಂತ ಟಾರ್ಚ್ ಹಿಡಿದು ನೋಡಿ. ಕ್ಲಾಂಪ್‌ಗಳನ್ನೆಲ್ಲ ಸಡಿಲ ಮಾಡಿ, ಪೈಪ್ ತಾನಾಗಿ ಕೂರಲು ಬಿಟ್ಟು, ಮುಂದಿನಿಂದ ಹಿಂದಕ್ಕೆ ಬಿಗಿಯುತ್ತಾ ಬನ್ನಿ. ಖರ್ಚಿಲ್ಲದ ಕೆಲಸ.

ಸದ್ದು ಗಾಡಿಯ ವೇಗಕ್ಕೆ ಕಟ್ಟುಬಿದ್ದಿದ್ದರೆ ಚಕ್ರ ಅಥವಾ ಶಾಫ್ಟ್. ಇವೆರಡನ್ನು ಬೇರೆ ಮಾಡುವುದು ಕಷ್ಟವಲ್ಲ. ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್‌ನ ಗೇರ್ ಪೆಟ್ಟಿಗೆ) ಅನುಪಾತ 3.9, ಅಂದರೆ ಶಾಫ್ಟ್ 3.9 ಸುತ್ತಿದರೆ ಚಕ್ರ ಒಂದು ಸುತ್ತು, ಆದ್ದರಿಂದ 90ರಲ್ಲಿ ಚಕ್ರ ಸೆಕೆಂಡಿಗೆ 13 ಸುತ್ತು, ಶಾಫ್ಟ್ 50ಕ್ಕೂ ಸ್ವಲ್ಪ ಜಾಸ್ತಿ. 13 ಅಂದರೆ ಮೈಗೆ ಗೊತ್ತಾಗುವ ಅಲುಗಾಟ, ಕಿವಿಗೆ ಕೇಳುವಂಥದ್ದಲ್ಲ. ಗುಂಯ್ ಅನ್ನುವುದು ಶಾಫ್ಟಿನ ದನಿ. ಫೋನಿನಲ್ಲಿ ಸದ್ದಿನ ಫ್ರೀಕ್ವೆನ್ಸಿ ತೋರಿಸುವ ಆ್ಯಪ್ ಇದ್ದರೆ ಪಕ್ಕದವರ ಕೈಗೆ ಕೊಡಿ. 50 ಹರ್ಟ್ಜ್ (ಸೆಕೆಂಡಿಗೆ 50 ಸಲ) ಹತ್ತಿರ ಗೆರೆ ಎದ್ದರೆ ಶಾಫ್ಟಿನ ಬ್ಯಾಲೆನ್ಸ್ ಹೋಗಿದೆ ಅನ್ನಬಹುದು. 100ರ ಹತ್ತಿರ ಎದ್ದರೆ ಯುಜೆ (ಯೂನಿವರ್ಸಲ್ ಜಾಯಿಂಟ್, ಶಾಫ್ಟಿನ ತುದಿಯ ಮಡಚುವ ಕೀಲು) ಒಳಗಿನ ಕ್ರಾಸ್ ನೋಡಿ, ಅದರ ತೊಂದರೆ ಪ್ರತಿ ಸುತ್ತಿನಲ್ಲೂ ಎರಡು ಸಲ ಬರುತ್ತದೆ. ಆದರೆ ಇದನ್ನು ಮೂರನೇ ಗೇರ್‌ನಲ್ಲೇ ಅಳೆಯಿರಿ. ನಾಲ್ಕು ಸಿಲಿಂಡರಿನ ಎಂಜಿನ್ ತಾನೂ ಪ್ರತಿ ಸುತ್ತಿನಲ್ಲೂ ಎರಡು ಸಲ ಬಡಿಯುತ್ತದೆ, ನಾಲ್ಕನೇ ಗೇರ್‌ನಲ್ಲಿ ಎರಡೂ ಬೆರೆತುಹೋಗುತ್ತವೆ.

ನಿಮ್ಮ ವಿವರ ಓದಿದರೆ ನನಗೆ ಯುಜೆ ಅಂತಲೇ ಅನಿಸುತ್ತಿದೆ. ಗಾಡಿ ಕೆಳಗೆ ಮಲಗಿ ಶಾಫ್ಟ್ ಅಲ್ಲಾಡಿಸಿದರೆ ಸಡಿಲವಾದ ಕ್ರಾಸ್ ಸಿಗುತ್ತದೆ. ಬಿಗಿಯಾಗಿ ಹಿಡಿದುಕೊಂಡಿರುವ ಕ್ರಾಸ್ ಹಾಗೆ ಗೊತ್ತಾಗೋದೇ ಇಲ್ಲ, ಅದೂ ಅಷ್ಟೇ ನಡುಕ ಕೊಡುತ್ತದೆ. ಕ್ರಾಸಿನ ತುದಿಯ ಬೇರಿಂಗ್ ಕಪ್ ಸುತ್ತ ಕೆಂಪು ತುಕ್ಕಿನ ಪುಡಿ ಇದ್ದರೆ ಒಳಗೆ ಗ್ರೀಸ್ ಒಣಗಿದೆ ಅಂತಲೇ ಲೆಕ್ಕ. ಇಲ್ಲದಿದ್ದರೆ ಶಾಫ್ಟ್ ಬಿಚ್ಚಿ, ಕ್ರಾಸನ್ನು ಎರಡೂ ದಿಕ್ಕಿಗೆ ಕೈಯಲ್ಲಿ ಮಡಿಸಿ ನೋಡಬೇಕು. ಎಲ್ಲೂ ತಡೆ, ಕಟಕ್ ಅನ್ನುವ ಹಿಡಿತ ಇರಬಾರದು.

ಬಿಚ್ಚುವ ಮೊದಲು ಎರಡು ತುದಿಯ ಫ್ಲಾಂಜಿಗೂ (ಬೋಲ್ಟ್ ಹಾಕುವ ಅಂಚು) ಜಾರುವ ಸ್ಪ್ಲೈನಿಗೂ (ಶಾಫ್ಟಿನ ಹಲ್ಲಿನ ಜೋಡಣೆ) ಬಣ್ಣದಲ್ಲಿ ಗುರುತು ಹಾಕಿ, ಮರೆಯಬೇಡಿ. ಶಾಫ್ಟಿನ ಎರಡು ತುದಿಯ ಯೋಕ್‌ಗಳು (ಕ್ರಾಸ್ ಹಿಡಿಯುವ ಕವೆಗಳು) ಒಂದೇ ಸಾಲಿನಲ್ಲಿರಬೇಕು. ಹಿಂದೆ ಯಾರಾದರೂ ಸ್ಪ್ಲೈನನ್ನು ತಪ್ಪು ಹಲ್ಲಿಗೆ ಕೂರಿಸಿದ್ದರೆ, ಕ್ರಾಸ್ ಹೊಸದಾದರೂ ನಡುಕ ಹೋಗೋದಿಲ್ಲ. ಕ್ರಾಸ್ ಚೆನ್ನಾಗಿದ್ದೂ ನಡುಕ ಉಳಿದರೆ, ಹಿಂದಿನ ಫ್ಲಾಂಜನ್ನು 180 ಡಿಗ್ರಿ ತಿರುಗಿಸಿ ಬೋಲ್ಟ್ ಹಾಕಿ ನೋಡಿ. ನಡುಕ ಹೆಚ್ಚೋ ಕಡಿಮೆಯೋ ಆದರೆ ದಾರಿ ಸಿಕ್ಕಿತು, ಶಾಫ್ಟನ್ನು ಬ್ಯಾಲೆನ್ಸಿಂಗಿಗೆ ಕೊಡಿ.

ಗಾಡಿ ಎತ್ತಿ ಓಡಿಸಿ ಪರೀಕ್ಷೆ ಮಾಡುವ ಯೋಚನೆ ಇದ್ದರೆ ಸ್ಟ್ಯಾಂಡ್‌ಗಳನ್ನು ಆಕ್ಸಲ್ ಕೆಳಗೇ ಇಡಿ. ಗಾಡಿಯ ಬಾಡಿ ಕೆಳಗೆ ಇಟ್ಟರೆ ಆಕ್ಸಲ್ ಜೋತುಬಿದ್ದು ಶಾಫ್ಟಿನ ಕೋನ ಬದಲಾಗುತ್ತದೆ, ಇಲ್ಲದ ನಡುಕ ಹುಟ್ಟುತ್ತದೆ. ಎರಡೂ ಹಿಂದಿನ ಚಕ್ರ ಮೇಲೇ ಇರಲಿ, ಮುಂದಿನ ಚಕ್ರಕ್ಕೆ ಅಡ್ಡ ಕೊಡಿ, ಗೇರ್‌ನಲ್ಲಿರುವಾಗ ಯಾರೂ ಕೆಳಗೆ ಹೋಗಬೇಡಿ.

ಅಂದ ಹಾಗೆ, ನಿಮ್ಮದು ವೈರ್ ವೀಲ್ (ಕಡ್ಡಿಗಳ ಚಕ್ರ) ಆಗಿದ್ದರೆ ಬ್ಯಾಲೆನ್ಸ್ ಮಾಡಿದವರು ಅದಕ್ಕೆ ಸರಿಯಾದ ಕೋನ್ ಹಾಕಿದ್ದರಾ ಕೇಳಿ. ಚಕ್ರ ಮಷೀನಿನ ಮೇಲೆ ನಡುವಿಗೆ ಕೂರದಿದ್ದರೆ ಆ ಬ್ಯಾಲೆನ್ಸಿಂಗ್ ಸುಮ್ನೆ ದಂಡ. ಮೂರನೇ ಗೇರ್‌ನಲ್ಲಿ ಏನಾಯ್ತು ಅಂತ ಮೊದಲು ಬರೆಯಿರಿ, ಶಾಫ್ಟ್ ಬಿಚ್ಚುವ ಮಾತು ಆಮೇಲೆ ಆಡೋಣ.