ತಿಳಿದವರೇ ಕಿತ್ತಾಡುವಾಗ ಯಾರ ಮಾತು ಕೇಳುವುದು?

ಈ ಸಲ ಬಂದ ಪತ್ರಗಳಲ್ಲಿ ಒಂದಕ್ಕೆ ಎರಡು ಸಾಲಿನ ಉತ್ತರ ಸಾಲದು ಅನ್ನಿಸಿತು. ಓದುಗರು ಹೀಗೆ ಬರೆದಿದ್ದಾರೆ:

"ಕಂಪ್ಯೂಟರ್ ಭದ್ರತೆಯ ಸುದ್ದಿ ಓದುವುದನ್ನೇ ಬಿಟ್ಟಿದ್ದೇನೆ. ಬೆಳಿಗ್ಗೆ ಒಬ್ಬರು ಎಲ್ಲಾ ಹ್ಯಾಕ್ ಆಯ್ತು ಅಂತಾರೆ, ಸಂಜೆ ಇನ್ನೊಬ್ಬರು ಅದೆಲ್ಲ ಬರೀ ಸುಳ್ಳು ಅಂತಾರೆ. ಇಬ್ಬರೂ ವಿಷಯ ಗೊತ್ತಿರುವವರೇ. ಅವರೇ ಕಿತ್ತಾಡಿದರೆ ನಮ್ಮಂಥವರ ಗತಿ ಏನು? 2024ರ ಜುಲೈನಲ್ಲಿ ಒಂದು ಅಪ್‌ಡೇಟ್‌ನಿಂದಲೇ ಎಲ್ಲೆಲ್ಲೂ ಕಂಪ್ಯೂಟರ್‌ಗಳು ಕೆಟ್ಟು ನಿಂತವಲ್ಲ, ಅವತ್ತಿನಿಂದ ನಾನು ಅಪ್‌ಡೇಟ್ ಹಾಕುವುದನ್ನೂ ನಿಲ್ಲಿಸಿದ್ದೇನೆ. 2025ರ ಜೂನ್‌ನಲ್ಲಿ 1,600 ಕೋಟಿ ಪಾಸ್‌ವರ್ಡ್ ಸೋರಿವೆ ಎಂದು ಓದಿ ಗಾಬರಿಯಾಗಿ ಎಲ್ಲವನ್ನೂ ಬದಲಾಯಿಸಿದೆ. ಆಮೇಲೆ ಅದು ಹಳೇ ಕಥೆ ಅಂದರು. ಇನ್ನು ಯಾರನ್ನೂ ನಂಬಬಾರದು ಅಂತ ತೀರ್ಮಾನಿಸಿದ್ದೇನೆ. ತಪ್ಪೇ?"

ನಿಮ್ಮ ಸಿಟ್ಟು ತಪ್ಪಲ್ಲ. ತೀರ್ಮಾನದ ಬಗ್ಗೆ ಮಾತ್ರ ನನ್ನ ತಕರಾರಿದೆ. ಅದರಲ್ಲೂ ಅಪ್‌ಡೇಟ್ ನಿಲ್ಲಿಸಿದ್ದೀರಿ ಎಂದು ಓದಿ ನಿಜಕ್ಕೂ ಕಳವಳವಾಯಿತು. ಅದನ್ನೇ ಮೊದಲು ಹೇಳಿಬಿಡುತ್ತೇನೆ: ದಯವಿಟ್ಟು ಇವತ್ತೇ ಮತ್ತೆ ಶುರು ಮಾಡಿ.

2024ರ ಜುಲೈ 19ರಂದು ಆದದ್ದು ಏನು? ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ಸಾಫ್ಟ್‌ವೇರ್‌ಗೆ ಒಂದು ಚಿಕ್ಕ ಫೈಲ್ ಕಳಿಸಿತು. ಸಾಫ್ಟ್‌ವೇರ್ 21 ಮಾಹಿತಿಗಳನ್ನು ಹುಡುಕುತ್ತಿತ್ತು, ಅದಕ್ಕೆ ಸಿಕ್ಕಿದ್ದು 20. ಇಲ್ಲದ 21ನೆಯದನ್ನು ಓದಲು ಹೋಗಿ ವಿಂಡೋಸ್ ಕುಸಿದು ಬಿತ್ತು. ಕಂಪನಿ ಎರಡು ಗಂಟೆಯೊಳಗೇ ಆ ಫೈಲನ್ನು ಹಿಂದಕ್ಕೆ ತೆಗೆದುಕೊಂಡಿತು. ಅಷ್ಟರಲ್ಲಿ ಮೈಕ್ರೋಸಾಫ್ಟ್‌ನ ಲೆಕ್ಕದಲ್ಲಿ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತಿದ್ದವು. ಇದು ದೊಡ್ಡ ಅನಾಹುತವೇ, ವಿಮಾನಗಳು ಹಾರಲಿಲ್ಲ, ಆಸ್ಪತ್ರೆಗಳ ಕೆಲಸ ನಿಂತಿತು. ಆದರೆ ಅದು ದೊಡ್ಡ ಸಂಸ್ಥೆಗಳು ಕೊಳ್ಳುವ ಸಾಫ್ಟ್‌ವೇರ್. ನಿಮ್ಮ ಮನೆಯ ಕಂಪ್ಯೂಟರ್‌ನಲ್ಲಿ ಅದು ಇರುವ ಸಂಭವವೇ ತೀರಾ ಕಡಿಮೆ.

ಈಗ ಇನ್ನೊಂದು ಕಡೆ ನೋಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಸುಮಾರು 150 ದೇಶಗಳಲ್ಲಿ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ಒಳನುಗ್ಗಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಅಪ್‌ಡೇಟ್ ಕೊಟ್ಟಾಗಿತ್ತು. ಹಾಕಿಕೊಂಡಿರಲಿಲ್ಲ, ಅಷ್ಟೇ. ಅದೇ ವರ್ಷ ಜನರ ಸಾಲದ ದಾಖಲೆ ಇಡುವ ಅಮೆರಿಕದ ಕಂಪನಿ ಈಕ್ವಿಫ್ಯಾಕ್ಸ್‌ನಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಕಳುವಾಯಿತು. ಅಲ್ಲೂ ಅದೇ ಕಥೆ, ಮಾರ್ಚ್‌ನಲ್ಲಿ ಬಂದ ಅಪ್‌ಡೇಟ್ ಮೇ ತಿಂಗಳಲ್ಲೂ ಹಾಕದೆ ಉಳಿದಿತ್ತು. ಅಪ್‌ಡೇಟ್‌ನಿಂದ ಕೆಟ್ಟದ್ದು ದೊಡ್ಡ ಸುದ್ದಿಯಾಗುತ್ತದೆ. ಅಪ್‌ಡೇಟ್ ಹಾಕಿದ್ದರಿಂದ ಉಳಿದುಕೊಂಡದ್ದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ, ಅಲ್ವಾ?

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಯಾರನ್ನು ನಂಬುವುದು?

"ಯಾರನ್ನು" ಎಂದು ಕೇಳುವ ಬದಲು ಬೇರೊಂದನ್ನು ಕೇಳಿನೋಡಿ ಎಂಬುದು ನನ್ನ ಸಲಹೆ. ಈ ಸುದ್ದಿ ಹೇಳಿದವರು ಬೇರೆಯವರು ಪರೀಕ್ಷಿಸಿ ನೋಡುವಂಥದ್ದು ಏನನ್ನು ಮುಂದಿಟ್ಟಿದ್ದಾರೆ? ಇದೊಂದೇ ಪ್ರಶ್ನೆಯಿಂದ ಅರ್ಧ ಗದ್ದಲ ಅಡಗುತ್ತದೆ.

ಒಳ್ಳೆಯ ಉದಾಹರಣೆಯೊಂದಿದೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಏನೋ ಬೇರೆ ಕೆಲಸಕ್ಕಾಗಿ ತಮ್ಮ ಲಿನಕ್ಸ್ (ವಿಂಡೋಸ್‌ನಂತೆ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ) ಯಂತ್ರದ ವೇಗ ಅಳೆಯುತ್ತಿದ್ದರು. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಯಾಕೋ ನಿಧಾನವಾಗಿತ್ತು. ಮೊದಲು 0.299 ಸೆಕೆಂಡ್ ಹಿಡಿಯುತ್ತಿದ್ದ ಕೆಲಸಕ್ಕೆ ಈಗ 0.807 ಸೆಕೆಂಡ್. ಅರ್ಧ ಸೆಕೆಂಡ್ ಜಾಸ್ತಿ. ಹೆಚ್ಚಿನವರು ಸುಮ್ನೆ ಬಿಡುತ್ತಿದ್ದರು, ಇವರು ಬಿಡಲಿಲ್ಲ. ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಎಕ್ಸ್‌ಝಡ್ ಎಂಬ ಸಾಫ್ಟ್‌ವೇರ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಅಡಗಿಸಿಟ್ಟ ಕಳ್ಳದಾರಿ. ಫೈಲ್‌ಗಳನ್ನು ಕುಗ್ಗಿಸಲು ಎಲ್ಲೆಡೆ ಬಳಸುವ ಸಾಫ್ಟ್‌ವೇರ್ ಅದು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬರು, ಅಥವಾ ಒಂದು ಗುಂಪು, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿಕೊಟ್ಟು ನಂಬಿಕೆ ಗಳಿಸಿ, ಆಮೇಲೆ ಅದನ್ನು ಸೇರಿಸಿದ್ದರು.

ಮಾರ್ಚ್ 29ರಂದು ಫ್ರಾಯ್ಂಡ್ ಇದನ್ನು ಬಹಿರಂಗವಾಗಿ ಬರೆದರು. ಆ ಬರಹ ಓದಿದಾಗ ನನಗೆ ಅದರ ಬಗ್ಗೆ ಗೌರವ ಮೂಡಿತು. ಯಾವ ಆವೃತ್ತಿ, ಯಾವ ಫೈಲ್, ಯಾವ ಸಾಲು, ಎಷ್ಟು ಸಮಯ ಹಿಡಿಯಿತು, ಎಲ್ಲವೂ ಅದರಲ್ಲಿತ್ತು. ಜೊತೆಗೆ, ತಾನು ಭದ್ರತಾ ಸಂಶೋಧಕನಲ್ಲ, ಇನ್ನೂ ಪರಿಶೀಲಿಸದೇ ಇರುವುದು ಬಹಳಷ್ಟಿದೆ ಎಂದೂ ಬರೆದಿದ್ದರು. ಅವರ ಹೆಸರು ಕೇಳಿಲ್ಲದವರು ಕೂಡ ತಮ್ಮ ಯಂತ್ರದಲ್ಲಿ ನೋಡಿ "ಹೌದು, ನಮ್ಮಲ್ಲೂ ಇದೆ" ಎಂದರು. ಕಳ್ಳದಾರಿ ಯಾರದ್ದು, ಹಿಂದೆ ಯಾವುದಾದರೂ ಸರ್ಕಾರ ಇದೆಯೇ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಆದರೆ ಕಳ್ಳದಾರಿ ಇತ್ತೋ ಇಲ್ಲವೋ ಎಂಬ ಜಗಳ ನಡೆಯಲೇ ಇಲ್ಲ.

ಇದು ನಿಮ್ಮ ಅನುಮಾನಕ್ಕೆ ಪುಷ್ಟಿ ಕೊಡುತ್ತದೆ ಎಂಬುದೂ ಗೊತ್ತು. ಇಲ್ಲಿ ಹೊಸ ಆವೃತ್ತಿಯಲ್ಲೇ ವಿಷ ಇತ್ತು. ಅದು ನಿಜ. ಆದರೆ ಸಾಮಾನ್ಯರು ಬಳಸುವ ಸ್ಥಿರ ಲಿನಕ್ಸ್ ಆವೃತ್ತಿಗಳಿಗೆ ಅದು ತಲುಪುವ ಮೊದಲೇ ಸಿಕ್ಕಿಬಿತ್ತು. ಹೊಸತನ್ನು ಮೊದಲೇ ಹಾಕಿಕೊಂಡಿದ್ದ ಕೆಲವರನ್ನು ಪಾರು ಮಾಡಿದ್ದೂ ಮತ್ತೊಂದು ಅಪ್‌ಡೇಟೇ.

ಇದರ ಪಕ್ಕದಲ್ಲಿ 2018ರ ಅಕ್ಟೋಬರ್ 4ರ ಬ್ಲೂಮ್‌ಬರ್ಗ್ ವರದಿಯನ್ನು ಇಟ್ಟು ನೋಡಿ. ಸೂಪರ್‌ಮೈಕ್ರೋ ಕಂಪನಿಯ ಮದರ್‌ಬೋರ್ಡ್‌ಗಳಲ್ಲಿ ಚೀನಾದ ಬೇಹುಗಾರರು ಪುಟ್ಟ ಚಿಪ್ ಸೇರಿಸಿದ್ದಾರೆ, ಆಪಲ್ ಮತ್ತು ಅಮೆಜಾನ್‌ಗೂ ಅದು ತಲುಪಿದೆ ಎಂದು ಆ ವರದಿ ಹೇಳಿತು. ಹೆಸರು ಹೇಳದ 17 ಮೂಲಗಳಿವೆ ಎಂದಿತು. ಮೂರೂ ಕಂಪನಿಗಳು ಸಾರಾಸಗಟಾಗಿ ಅಲ್ಲಗಳೆದವು. ಬ್ಲೂಮ್‌ಬರ್ಗ್ ತನ್ನ ಮಾತಿಗೆ ಅಂಟಿಕೊಂಡಿತು, 2021ರಲ್ಲಿ ಇನ್ನೊಂದು ವರದಿಯನ್ನೂ ಬರೆಯಿತು. ಆದರೆ ಆ ಚಿಪ್ಪನ್ನು ಇವತ್ತಿನವರೆಗೆ ಯಾರೂ ಬಹಿರಂಗವಾಗಿ ತೋರಿಸಿಲ್ಲ. ಹೆಸರಾಂತ ಸುದ್ದಿಸಂಸ್ಥೆ, ಅನುಭವಿ ವರದಿಗಾರರು, ಎಲ್ಲ ಇದ್ದೂ ಹೊರಗಿನವರು ಕೈಗೆತ್ತಿಕೊಂಡು ನೋಡಲು ಏನೂ ಇಲ್ಲ. ಹೆಸರು ಹೇಳದ ಮೂಲಗಳು ಕೆಲವು ಸುದ್ದಿಗಳಿಗೆ ಬೇಕೇ ಬೇಕು, ಸಂಪಾದಕನಾಗಿ ನಾನು ಅದನ್ನು ಒಪ್ಪುತ್ತೇನೆ. ಆದರೆ ಹಲವು ಕಂಪನಿಗಳ ಬೋರ್ಡ್‌ಗಳಲ್ಲಿ ಇದೆ ಎನ್ನುವ ವಸ್ತುವಿನ ಒಂದೇ ಒಂದು ಮಾದರಿಯನ್ನೂ ಮುಂದಿಡದೆ ಅಂಥ ಆರೋಪ ಅಚ್ಚು ಮಾಡುವುದು ಸರಿಯಲ್ಲ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಟೂತ್‌ಬ್ರಷ್ ಸುದ್ದಿ ನಿಮಗೆ ನೆನಪಿರಬಹುದು. 2024ರ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಪತ್ರಿಕೆಯೊಂದು, 30 ಲಕ್ಷ ಸ್ಮಾರ್ಟ್ ಟೂತ್‌ಬ್ರಷ್‌ಗಳನ್ನು ಹ್ಯಾಕ್ ಮಾಡಿ ಒಂದು ಕಂಪನಿಯ ಜಾಲತಾಣವನ್ನು ನಾಲ್ಕು ಗಂಟೆ ಉರುಳಿಸಿದರು ಎಂದು ಬರೆಯಿತು. ಕೆಲವೇ ದಿನಗಳಲ್ಲಿ ಅದು ಎಲ್ಲ ಭಾಷೆಗಳಿಗೂ ಹರಡಿತು. ಯಾವ ಕಂಪನಿಯ ಬ್ರಷ್? ಯಾರ ಜಾಲತಾಣ? ಯಾವ ದಿನ? ಒಂದಕ್ಕೂ ಉತ್ತರ ಇರಲಿಲ್ಲ. ಇಂಥ ಬ್ರಷ್‌ಗಳು ಸಾಮಾನ್ಯವಾಗಿ ಬ್ಲೂಟೂತ್‌ನಲ್ಲಿ ಫೋನ್ ಜೊತೆ ಮಾತಾಡುತ್ತವೆ, ನೇರವಾಗಿ ಇಂಟರ್ನೆಟ್‌ಗೆ ಹೋಗುವುದೇ ಅಪರೂಪ ಎಂದು ಭದ್ರತಾ ತಜ್ಞರು ಹೇಳತೊಡಗಿದರು. ಕೊನೆಗೆ ಸುದ್ದಿಯ ಮೂಲವಾದ ಫೋರ್ಟಿನೆಟ್ ಕಂಪನಿ, ಅದು ಬರೀ ಕಲ್ಪಿತ ಉದಾಹರಣೆ, ಅನುವಾದದಲ್ಲಿ ಎಡವಟ್ಟಾಗಿದೆ ಎಂದಿತು. ಪತ್ರಿಕೆ ಒಪ್ಪಲಿಲ್ಲ. ನಡೆದ ಘಟನೆ ಎಂದೇ ನಮಗೆ ಹೇಳಿದರು, ಅಚ್ಚಿಗೆ ಮೊದಲು ಬರಹವನ್ನೂ ತೋರಿಸಿದ್ದೆವು ಎಂದಿತು. ಅವರಿಬ್ಬರಲ್ಲಿ ಯಾರು ಸರಿಯೋ, ನನಗೆ ನೋವಾಗುವುದು ನಡುವೆ ಇದ್ದ ನೂರಾರು ಸುದ್ದಿಮನೆಗಳ ಬಗ್ಗೆ. ಬ್ರಷ್ ಯಾವುದು ಎಂಬ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ನಕಲು ಮಾಡಿದ ಸುದ್ದಿ ಹತ್ತು ಕಡೆ ಬಂದರೂ ಅದಕ್ಕೆ ಇರುವುದು ಒಂದೇ ಸಾಕ್ಷಿ. ಮತ್ತೆ, ಆ ಸುದ್ದಿಯ ಮೂಲ ಭದ್ರತಾ ಸಾಮಾನು ಮಾರುವ ಕಂಪನಿ ಎಂಬುದನ್ನು ಮರೆಯಬೇಡಿ. ಭಯ ಹುಟ್ಟಿದರೆ ಅವರಿಗೆ ವ್ಯಾಪಾರ, ಭಯ ಅಡಗಿದರೆ ಹ್ಯಾಕ್ ಆದ ಕಂಪನಿಗೆ ಲಾಭ. ಎರಡೂ ಕಡೆಯ ಮಾತನ್ನು ಇದನ್ನು ನೆನಪಿಟ್ಟುಕೊಂಡೇ ಓದಬೇಕು.

ಜಗಳಗಳ ಬಗ್ಗೆ ಕೇಳಿದಿರಿ. ತಿಳಿದವರು ಕಿತ್ತಾಡಿದ ತಕ್ಷಣ ಯಾರಿಗೂ ಏನೂ ಗೊತ್ತಿಲ್ಲ ಎಂದಾಗುವುದಿಲ್ಲ. 2017ರ ಜನವರಿಯಲ್ಲಿ ಗಾರ್ಡಿಯನ್ ಪತ್ರಿಕೆ ವಾಟ್ಸಾಪ್‌ನಲ್ಲಿ ಕಳ್ಳದಾರಿ ಇದೆ ಎಂದು ಬರೆದಾಗ 70ಕ್ಕೂ ಹೆಚ್ಚು ತಜ್ಞರು ಅದನ್ನು ಹಿಂಪಡೆಯಿರಿ ಎಂದು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ವರದಿಯಲ್ಲಿ ಹೇಳಿದ ನಡವಳಿಕೆ ಇತ್ತು, ಅದನ್ನು ಅವರೂ ಅಲ್ಲಗಳೆಯಲಿಲ್ಲ. ಸಂದೇಶ ಪಡೆಯುವವರು ಫೋನ್ ಬದಲಿಸಿದರೆ, ಇನ್ನೂ ತಲುಪದ ಸಂದೇಶಗಳನ್ನು ವಾಟ್ಸಾಪ್ ಕಳಿಸಿದವರನ್ನು ಕೇಳದೆಯೇ ಹೊಸ ಕೀಲಿಯಿಂದ (ಸಂದೇಶವನ್ನು ಬೇರೆಯವರು ಓದದಂತೆ ಮಾಡುವ ರಹಸ್ಯ ಸಂಕೇತ) ಮತ್ತೆ ಕಳಿಸುತ್ತಿತ್ತು. ಅಪಾಯ ಎಷ್ಟು ದೊಡ್ಡದು ಎಂಬುದರಲ್ಲಿ ಜಗಳ. ಇದನ್ನು ಓದಿ ಹೆದರಿದ ಜನ ಯಾವ ರಕ್ಷಣೆಯೂ ಇಲ್ಲದ ಎಸ್‌ಎಂಎಸ್‌ಗೆ ಹೋದರೆ ಏನು ಗತಿ ಎಂಬುದು ಅವರ ಕಾಳಜಿ. ಅದೇ ವರ್ಷದ ಜೂನ್‌ನಲ್ಲಿ ಗಾರ್ಡಿಯನ್‌ನ ಓದುಗರ ಸಂಪಾದಕರು (ಓದುಗರ ದೂರುಗಳನ್ನು ಪರಿಶೀಲಿಸುವವರು) ವರದಿಯಲ್ಲಿ ಲೋಪ ಇತ್ತು ಎಂದು ವಿವರವಾಗಿ ಬರೆದರು. ಒಳ್ಳೆಯ ಕೆಲಸ, ಆದರೆ ಐದು ತಿಂಗಳು ತಡ. ಹೆದರಿದವರಲ್ಲಿ ಎಷ್ಟು ಮಂದಿ ಆ ತಿದ್ದುಪಡಿ ಓದಿರುತ್ತಾರೆ? ಸುದ್ದಿ ಬಂದ ಜಾಗದಲ್ಲೇ, ಅಷ್ಟೇ ದೊಡ್ಡದಾಗಿ, ಬೇಗ ತಿದ್ದುಪಡಿ ಬರಬೇಕು. ಓದುಗರು ಇದನ್ನು ಪಟ್ಟು ಹಿಡಿದು ಕೇಳಬೇಕು, ನಮ್ಮನ್ನೂ ಸೇರಿಸಿ.

ಆದ್ದರಿಂದ ಜಗಳ ಕಂಡಾಗ ಯಾವುದರ ಬಗ್ಗೆ ಜಗಳ ಎಂದು ಮೊದಲು ನೋಡಿ. ನಡೆದದ್ದರ ಬಗ್ಗೆಯೋ, ಅದರ ತೂಕದ ಬಗ್ಗೆಯೋ? "ನನ್ನ ಯಂತ್ರದಲ್ಲಿ ಈ ಆವೃತ್ತಿ ಹಾಕಿ ನೋಡಿದೆ, ಹೀಗಾಯಿತು" ಎಂದು ಬರೆಯುವವರ ಮಾತಿಗೆ ಬೆಲೆ ಕೊಡಿ. ಹೊಸ ವಿವರ ಬಂದಾಗ ಅಭಿಪ್ರಾಯ ಬದಲಿಸುವವರಿಗೆ ಇನ್ನೂ ಜಾಸ್ತಿ ಬೆಲೆ ಕೊಡಿ. ಮೊದಲ ಕೆಲವು ಗಂಟೆಗಳ ಮಾತನ್ನು ದೂರವಿಡಿ. ಕ್ರೌಡ್‌ಸ್ಟ್ರೈಕ್ ಎಡವಿದ ಜುಲೈ 19ರಂದು ಇದು ಸೈಬರ್ ದಾಳಿ ಎಂದು ಘಂಟಾಘೋಷವಾಗಿ ಸಾರಿದವರು ಬೇಕಾದಷ್ಟು ಜನ ಇದ್ದರು. ಆ ಗಾಬರಿಯಲ್ಲೇ ವಂಚಕರು ರಿಪೇರಿ ಫೈಲ್ ಎಂದು ಹೇಳಿ ಕುತಂತ್ರಾಂಶ ಹಂಚಿದರು.

ಕೊನೆಗೆ ನಿಮ್ಮ ಪಾಸ್‌ವರ್ಡ್ ವಿಚಾರ. 1,600 ಕೋಟಿ ಎಂಬ ಸಂಖ್ಯೆ ಒಂದು ಹೊಸ ಕನ್ನದಿಂದ ಬಂದದ್ದಲ್ಲ. ಜನರ ಕಂಪ್ಯೂಟರ್‌ಗಳಿಂದ ಪಾಸ್‌ವರ್ಡ್ ಕದಿಯುವ ಕುತಂತ್ರಾಂಶಗಳು ಒಟ್ಟು ಮಾಡಿದ್ದು, ಹಳೇ ಸೋರಿಕೆಗಳು, ಎಲ್ಲ ಸೇರಿದ ರಾಶಿ. ಅದರಲ್ಲಿ ಒಂದೇ ಪಾಸ್‌ವರ್ಡ್ ಹಲವು ಸಲ ಬಂದಿರುತ್ತದೆ. ನೀವು ಬದಲಾಯಿಸಿದ್ದರಿಂದ ನಷ್ಟವೇನೂ ಆಗಿಲ್ಲ. ಆದರೆ ಒಂದೇ ಪಾಸ್‌ವರ್ಡನ್ನು ಎರಡು ಕಡೆ ಇಟ್ಟಿದ್ದರೆ ಮೊದಲು ಅದನ್ನು ಸರಿಮಾಡಿ. ಇಮೇಲ್ ಖಾತೆಯಿಂದ ಶುರು ಮಾಡಿ, ಯಾಕೆಂದರೆ ಬೇರೆ ಖಾತೆಗಳ ಪಾಸ್‌ವರ್ಡ್ ಮರೆತಾಗ ಹೊಸದು ಬರುವುದು ಅಲ್ಲಿಗೇ. ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆ ಇನ್ನೊಂದು ಪುರಾವೆಯನ್ನೂ ಕೇಳುವ ವ್ಯವಸ್ಥೆ) ಆನ್ ಮಾಡಿ. ನಿಮ್ಮ ಇಮೇಲ್ ಯಾವ ಸೋರಿಕೆಯಲ್ಲಿ ಸಿಕ್ಕಿದೆ ಎಂದು ತಿಳಿಯಲು ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ ಹ್ಯಾವ್ ಐ ಬೀನ್ ಪೋನ್ಡ್ (Have I Been Pwned) ಎಂಬ ಜಾಲತಾಣ ಇದೆ. ಉಚಿತ, ಅಲ್ಲಿ ನಿಮ್ಮ ಪಾಸ್‌ವರ್ಡ್ ಕೊಡಬೇಕಾಗಿಯೂ ಇಲ್ಲ. ಇಷ್ಟಾದ ಮೇಲೆ, ಮುಂದಿನ ಸಲ ಯಾವುದಾದರೂ ಸುದ್ದಿ ನಂಬಬೇಕೋ ಬೇಡವೋ ಅನ್ನಿಸಿದರೆ ಅದನ್ನೇ ನಮಗೆ ಕಳಿಸಿ. ಅದರ ಮೂಲ ಎಲ್ಲಿದೆ, ಯಾರು ಪರೀಕ್ಷಿಸಿದ್ದಾರೆ ಎಂದು ಹುಡುಕಿ ಇದೇ ಪುಟದಲ್ಲಿ ಬರೆಯುತ್ತೇವೆ.

— ಸಂಪಾದಕ