ಗೆಳೆಯನನ್ನು ಬಚ್ಚಿಟ್ಟವನಿಗೂ ಶಿಕ್ಷೆ ಇದೆಯಾ?

ಮುಧೋಳದ ಕಡೆಯ ಕಥೆ, ಸೇಡಿಗೆ ಕೊಲೆ ಮಾಡಿ ಬಂದ ಗೆಳೆಯನನ್ನು ನಾಯಕ ತನ್ನ ಕಬ್ಬಿನ ಹೊಲದಲ್ಲಿ ಬಚ್ಚಿಡುತ್ತಾನೆ, ಅವನಿಗೂ ಶಿಕ್ಷೆ ಆಗುತ್ತಾ ಅಂತ ಕೇಳಿದ್ದೀರಲ್ಲ ಸರ್, ಆಗುತ್ತದೆ. ಕೊಲೆ ಮಾಡಿದ್ದಾನೆಂದು ಗೊತ್ತಿದ್ದೂ ಅವನನ್ನು ಉಳಿಸಲು ಜಾಗ ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 249ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲು, ಜೊತೆಗೆ ದಂಡ. ಗಂಡ ಹೆಂಡತಿಗೆ ಮಾತ್ರ ವಿನಾಯಿತಿ, ಜೀವದ ಗೆಳೆಯನಿಗೆ ಇಲ್ಲ! ಬಚ್ಚಿಟ್ಟಿದ್ದು 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಆಗ ಜಾರಿಯಲ್ಲಿದ್ದ ಹಳೆಯ ಕಾನೂನು, ಐಪಿಸಿ 212 ಅಂತ ಬರೆಯಿರಿ.

ಇನ್ನೊಂದು, ಕಥೆಯನ್ನು ಸುಮ್ನೆ ಬೇಸಿಗೆಯಲ್ಲಿ ಇಡಬೇಡಿ. ಸಕ್ಕರೆ ಕಾರ್ಖಾನೆ ಕಬ್ಬು ಅರೆಯಲು ಶುರು ಮಾಡಿದ ಮೇಲೆ, ಡಿಸೆಂಬರ್ ಹೊತ್ತಿಗೆ ಇಡಿ. ಅಕ್ಕಪಕ್ಕದ ಹೊಲ ಒಂದೊಂದೇ ಕಟಾವಾಗಿ, ಕಬ್ಬು ಕಡಿಯುವ ಗ್ಯಾಂಗ್ ಹತ್ತಿರ ಬರುತ್ತಾ, ಅಡಗುವ ಜಾಗ ದಿನಾ ಸಣ್ಣದಾಗುತ್ತದೆ. ನಿಮ್ಮ ಕಬ್ಬು ಯಾಕೆ ಇನ್ನೂ ಕಡಿಸಿಲ್ಲ ಅಂತ ಪೊಲೀಸರಿಗಿಂತ ಮೊದಲು ಊರವರೇ ಕೇಳುತ್ತಾರೆ.