ಮಂಗಳೂರಿಗೂ ಚೆನ್ನೈಗೂ ಒಂದೇ ದೂರ. ಆದರೂ ಬೆಂಗಳೂರಿನ ಕಂಟೇನರುಗಳು ಚೆನ್ನೈಗೇ ಹೋಗುವುದೇಕೆ?

ಬೆಂಗಳೂರಿನಿಂದ ಮಂಗಳೂರು, ಚೆನ್ನೈ ಎರಡೂ ಸುಮಾರು 350 ಕಿ.ಮೀ. ದೂರದಲ್ಲಿರುವಾಗ ರಫ್ತಿನ ಸರಕು ನಮ್ಮದೇ ರಾಜ್ಯದ ಬಂದರನ್ನು ಬಿಟ್ಟು ಪೂರ್ವಕ್ಕೆ ಹೋಗುವುದು ಸರ್ಕಾರದ ಅಸಡ್ಡೆಯಲ್ಲವೇ, ಮಂಗಳೂರಿನ ಹೆದ್ದಾರಿ ಇಳಿಯುವ ಶಿರಾಡಿ ಘಾಟಿಯಲ್ಲಿ ಸುರಂಗ ಕೊರೆದರೆ ಸರಿಹೋಗುವುದೇ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಕೆಲವು ವರ್ಷ ರಫ್ತು ಸರಕನ್ನು ಬಂದರಿಗೆ ತಲುಪಿಸುವ ಕೆಲಸ ಮಾಡಿದವನು ನಾನು. ಅಸಡ್ಡೆ ಇಲ್ಲವೇ ಇಲ್ಲ ಎನ್ನಲಾರೆ. ಆದರೆ ಮೊದಲ ಕಾರಣವನ್ನು ನೋಡಬೇಕಿದ್ದರೆ ಸಕಲೇಶಪುರ ದಾಟಿ ಇಳಿಯಬೇಕು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪೂರ್ವದ ಕಡೆಗೆ ಈ ಎತ್ತರ ದೂರದವರೆಗೆ ಹಂತಹಂತವಾಗಿ ತಗ್ಗುತ್ತದೆ. ಪಶ್ಚಿಮದಲ್ಲಾದರೋ ಸಕಲೇಶಪುರದವರೆಗೆ ಹೆಚ್ಚುಕಡಿಮೆ ಹಾಗೆಯೇ ಉಳಿದು, ಅಲ್ಲಿಂದ ಮುಂದೆ ಒಮ್ಮೆಗೇ ಕುಸಿಯುತ್ತದೆ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ರೈಲುಮಾರ್ಗದಲ್ಲಿ 57 ಸುರಂಗಗಳಿವೆ, 50 ಮೀಟರಿಗೆ 1 ಮೀಟರಿನಷ್ಟು ಕಡಿದಾದ ಏರು ಇದೆ, ಗೂಡ್ಸ್ ಗಾಡಿ ಘಟ್ಟ ಹತ್ತಬೇಕಾದರೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಬೇಕು. ಮಳೆಗಾಲದ ಮಾತಂತೂ ಕೇಳಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ರೈಲುಮಾರ್ಗವೂ ಶಿರಾಡಿ ಘಾಟಿಯ ಹೆದ್ದಾರಿಯೂ ಒಟ್ಟಿಗೆ ಬಂದ್ ಆದವು. ಹಡಗು ಹೊರಡುವ ದಿನದೊಳಗೆ ಸರಕು ಮುಟ್ಟಿಸಬೇಕಾದವನಿಗೆ ಲಾರಿ ಬಾಡಿಗೆಗಿಂತ ಈ ಅನಿಶ್ಚಿತತೆಯೇ ದುಬಾರಿ.

ಘಟ್ಟದ ಜೊತೆಗೆ ಹಳೆಯ ಗಡಿಯೂ ಸೇರಿಕೊಂಡಿತು. 1956ರವರೆಗೆ ಮಂಗಳೂರು ಮದ್ರಾಸಿನ ಆಡಳಿತಕ್ಕೆ ಸೇರಿದ್ದರಿಂದ, 1907ರಲ್ಲಿ ಅಲ್ಲಿಗೆ ಬಂದ ರೈಲು ಮೈಸೂರು ಸೀಮೆಯಿಂದ ಘಟ್ಟ ಇಳಿದು ಬರಲಿಲ್ಲ, ದಕ್ಷಿಣದ ಮಲಬಾರಿನ ಕಡೆಯಿಂದ ಬಂತು. ಮಂಗಳೂರಿನ ಪಣಂಬೂರಿನ ಹೊಸ ಬಂದರು 1970ರ ದಶಕದ ನಡುವೆ ಸಿದ್ಧವಾದರೂ ಹಾಸನದ ರೈಲುಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಸಾಲದೆಂಬಂತೆ ಗೇಜ್ ಪರಿವರ್ತನೆಗಾಗಿ, ಅಂದರೆ ಹಳಿಗಳ ನಡುವಿನ ಅಗಲ ಹೆಚ್ಚಿಸಲು, 1996ರಲ್ಲಿ ಮುಚ್ಚಿದ ಈ ಮಾರ್ಗದಲ್ಲಿ ಮತ್ತೆ ಗೂಡ್ಸ್ ಓಡಲು 2006 ಬರಬೇಕಾಯಿತು. ಜಗತ್ತಿನ ವ್ಯಾಪಾರ ಕಂಟೇನರಿಗೆ ಹೊರಳಿಕೊಂಡ ಕಾಲವೇ ಅದು! ಬೆಂಗಳೂರಿನಲ್ಲಿ 1981ರಲ್ಲೇ ಐಸಿಡಿ, ಅಂದರೆ ಒಳನಾಡಿನ ಕಂಟೇನರ್ ಡಿಪೋ, ಆರಂಭವಾಗಿತ್ತು. ಕಸ್ಟಮ್ಸ್ ಕೆಲಸವನ್ನು ಊರಿನಲ್ಲೇ ಮುಗಿಸಿ ಪೆಟ್ಟಿಗೆಯನ್ನು ರೈಲಿನಲ್ಲಿ ಚೆನ್ನೈಗೆ ಕಳಿಸುವ ರೂಢಿ ಬೇರೂರಿತು. ಸರಕು ಹೆಚ್ಚಿದ್ದಲ್ಲಿಗೆ ಹಡಗು ಹೆಚ್ಚು ಬರುತ್ತವೆ, ಹಡಗು ಹೆಚ್ಚು ಬರುವಲ್ಲಿಗೆ ಸರಕು ಹೋಗುತ್ತದೆ. ಒಮ್ಮೆ ತಪ್ಪಿದ ಸರದಿಯನ್ನು ಮರಳಿ ಹಿಡಿಯುವುದು ಸುಲಭವಲ್ಲ.

ಹಾಗೆಂದು ಘಟ್ಟ ಎಲ್ಲವನ್ನೂ ತಡೆಯಿತೆಂದು ತಿಳಿಯಬಾರದು. ಕುದುರೆಮುಖದ ಕಬ್ಬಿಣದ ಅದಿರನ್ನು ನೀರಿನಲ್ಲಿ ಕಲಸಿ 67 ಕಿ.ಮೀ. ಕೊಳವೆಯಲ್ಲಿ ಬಂದರಿಗೆ ಹರಿಸುತ್ತಿದ್ದಾಗ ಆ ಇಳಿಜಾರೇ ನೆರವಾಗುತ್ತಿತ್ತು. 2005ರ ಕೊನೆಗೆ ಗಣಿ ನಿಂತದ್ದು ಅರಣ್ಯದ ಕಾರಣಕ್ಕೆ, ಸಾಗಣೆಯ ಕಷ್ಟಕ್ಕಲ್ಲ. ಇಂದು ಮಂಗಳೂರಿನ ಪೆಟ್ರೋಲು, ಡೀಸೆಲ್ಲು ಹಾಸನದ ಮೂಲಕ ಸುಮಾರು 360 ಕಿ.ಮೀ. ಕೊಳವೆಯಲ್ಲಿ ಬೆಂಗಳೂರಿಗೆ ಹತ್ತಿ ಬರುತ್ತವೆ. ಕರಾವಳಿಯ ಮಳೆಗಾಲದ ಒದ್ದೆ ಗಾಳಿಗೆ ಕಾಫಿ ಬೀಜವನ್ನು ಹರವಿ ಉಬ್ಬಿಸಿ ಹದಮಾಡುವ ‘ಮಾನ್ಸೂನ್ಡ್ ಮಲಬಾರ್’ ಎಂಬ ಕಾಫಿಗಂತೂ ನಾವು ಶಪಿಸುವ ಆ ಮಳೆಗಾಲವೇ ಬಂಡವಾಳ. ಸಾಫ್ಟ್‌ವೇರಿಗೆ ತೂಕವೇ ಇಲ್ಲದ್ದರಿಂದ, ಬಂದರಿಲ್ಲದ ಬೆಂಗಳೂರು ಅದರಲ್ಲಿ ಮುಂದೆ ಬರಲು ಘಟ್ಟ ಅಡ್ಡಿಯಾಗಲೇ ಇಲ್ಲ.

ಇನ್ನು ಸುರಂಗದ ಮಾತು. ಅದರಿಂದ ಬೆಂಗಳೂರಿನ ಕಂಟೇನರುಗಳು ಬೇಗ ದಿಕ್ಕು ಬದಲಿಸುತ್ತವೆಂಬ ನಂಬಿಕೆ ನನಗಿಲ್ಲ, ಏಕೆಂದರೆ ರಸ್ತೆ ಸರಿಯಾದ ಮಾತ್ರಕ್ಕೆ ಹಡಗುಗಳು ಹೆಚ್ಚುವುದಿಲ್ಲ. ಹಾಸನದವರ ಲೆಕ್ಕ ಮಾತ್ರ ಬೇರೆ. ಅವರಿಗೆ ಮಂಗಳೂರು ಸುಮಾರು 170 ಕಿ.ಮೀ., ಚೆನ್ನೈ 500ಕ್ಕೂ ಹೆಚ್ಚು. ಹಾಸನ, ಚಿಕ್ಕಮಗಳೂರು, ಕೊಡಗಿನ ಸರಕಿಗೆ ವರ್ಷದ ಹನ್ನೆರಡು ತಿಂಗಳೂ ಮುಚ್ಚದ ಒಂದು ದಾರಿ ಸಿಕ್ಕರೆ ಪಣಂಬೂರಿಗೆ ಅದೇ ದೊಡ್ಡ ಆದಾಯ. ಯೋಜನೆಯ ಲಾಭನಷ್ಟವನ್ನು ಬೆಂಗಳೂರಿನಿಂದಲ್ಲ, ಅಲ್ಲಿಂದ ಎಣಿಸಬೇಕು.